ದರದ ಕೋಷ್ಟಕದಲ್ಲಿ ಸಾಲು ಬಿಟ್ಟು ಸಾಲಿಗೆ ಬಣ್ಣ: ಕೆಲವು ಸಾಲು ಮರೆಮಾಡಿದ ಕೂಡಲೇ ಪಟ್ಟೆ ಕೆಡುತ್ತದೆ

ಪ್ರಶ್ನೆ: ಶಿರಸಿಸೀಮೆ

ಎಲ್ಲರಿಗೂ ನಮಸ್ಕಾರ. ಶಿರಸಿಯ ಹತ್ತಿರದ ನಮ್ಮ ಊರಿನ ಬೆಳೆಗಾರರ ಉಪಯೋಗಕ್ಕೆಂದು ದಿನದ ಅಡಿಕೆ ದರ ತೋರಿಸುವ ವೆಬ್ ಪುಟವೊಂದನ್ನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದೇನೆ. ಶಿರಸಿ, ಯಲ್ಲಾಪುರ, ಸಿದ್ದಾಪುರ ಮತ್ತು ಕುಮಟಾ ಮಾರುಕಟ್ಟೆಗಳ ದರಗಳೆಲ್ಲ ಒಂದೇ ಕೋಷ್ಟಕದಲ್ಲಿ ಬರುತ್ತವೆ. ಪ್ರತಿ ಸಾಲಿನಲ್ಲಿ ಮಾರುಕಟ್ಟೆಯ ಹೆಸರು, ಮಾಲಿನ ಬಗೆ, ಆಮೇಲೆ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರ ಇವೆ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಅಡಿಕೆಯ ಬಗೆಗಳೇ ಆರೇಳು ಇದ್ದು, ಕಾಳುಮೆಣಸನ್ನೂ ಸೇರಿಸಿದರೆ ಒಟ್ಟು ಇಪ್ಪತ್ತೈದರಿಂದ ಮೂವತ್ತು ಸಾಲುಗಳಾಗುತ್ತವೆ.

ಮೊದಲು ಕೋಷ್ಟಕವನ್ನು ಯಾವ ಬಣ್ಣವೂ ಇಲ್ಲದೆ ಬಿಳಿಯಾಗಿಯೇ ಬಿಟ್ಟಿದ್ದೆ. ಒಂದು ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕುಳಿತು ನನ್ನ ಮೊಬೈಲಿನಲ್ಲಿ ಆ ಪುಟವನ್ನು ಓದುತ್ತಿದ್ದಾಗ, ಚಾಲಿಯ ಸಾಲಿನಿಂದ ಹೊರಟ ಅವರ ಬೆರಳು ಸರಾಸರಿ ದರದ ಚೌಕ ತಲುಪುವಷ್ಟರಲ್ಲಿ ಕೆಳಗಿನ ಬಿಳಿಗೋಟಿನ ಸಾಲಿಗೆ ಇಳಿದುಬಿಟ್ಟಿತ್ತು. ಚಾಲಿಯ ದರ ಒಂದೇ ದಿನಕ್ಕೆ ಇಷ್ಟು ಕುಸಿಯಿತೇ ಎಂದು ಅವರು ಗಾಬರಿಯಿಂದ ಕೇಳಿದ ಮೇಲೆ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ತೆಳು ಹಸಿರು ಬಣ್ಣ ಕೊಡಬೇಕೆಂದು ನಿಶ್ಚಯಿಸಿದೆ.

ಅದಕ್ಕಾಗಿ ಬರೆದ ಜಾವಾಸ್ಕ್ರಿಪ್ಟ್ ಬಹಳ ಸರಳವಾಗಿದೆ. ಕೋಷ್ಟಕದ ಸಾಲುಗಳನ್ನೆಲ್ಲ ಫಾರ್ ಲೂಪಿನಲ್ಲಿ ನೋಡುತ್ತಾ ಹೋಗಿ, ಸಾಲಿನ ಕ್ರಮಸಂಖ್ಯೆಯನ್ನು ಎರಡರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದರೆ ‘ಸಮ’ ಎಂಬ ಕ್ಲಾಸ್ (ಸಾಲಿಗೆ ಅಂಟಿಸುವ ಹೆಸರಿನ ಚೀಟಿ), ಇಲ್ಲದಿದ್ದರೆ ‘ಬೆಸ’ ಎಂಬ ಕ್ಲಾಸ್ ಅನ್ನು ಕ್ಲಾಸ್‌ನೇಮ್‌ನ ತುದಿಗೆ ಸೇರಿಸುತ್ತೇನೆ. ಪುಟದ ಬಣ್ಣ, ಅಲಂಕಾರದ ನಿಯಮಗಳಿರುವ ಸಿಎಸ್‌ಎಸ್ ಕಡತದಲ್ಲಿ ಮೊದಲು ಬೆಸಕ್ಕೆ ಬಿಳಿ, ಅದರ ಕೆಳಗೆ ಸಮಕ್ಕೆ ಹಸಿರು ಎಂದು ಬರೆದಿದ್ದೇನೆ. ಪುಟ ತೆರೆದಾಗ ಎಲ್ಲವೂ ಸರಿಯಾಗಿ ಕಾಣುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಮೇಲಿನ ಪಟ್ಟಿಯಿಂದ ‘ಯಲ್ಲಾಪುರ’ ಎಂದು ಆರಿಸಿದರೆ ಉಳಿದ ಮಾರುಕಟ್ಟೆಗಳ ಸಾಲುಗಳು ಮರೆಯಾಗುತ್ತವೆ. ಆಗ ಉಳಿದ ಸಾಲುಗಳಲ್ಲಿ ಎರಡು ಹಸಿರು ಒಟ್ಟೊಟ್ಟಿಗೆ ಬರುತ್ತವೆ, ಮತ್ತೊಂದೆಡೆ ಎರಡು ಬಿಳಿ ಜೊತೆಯಾಗುತ್ತವೆ. ಸರಾಸರಿ ದರದ ತಲೆಬರಹವನ್ನು ಒತ್ತಿ ಏರಿಕೆ ಕ್ರಮಕ್ಕೆ ಜೋಡಿಸಿದರೂ ಇದೇ ಅವಸ್ಥೆ. ಅದೇ ಫಂಕ್ಷನ್ ಅನ್ನು ಮತ್ತೊಮ್ಮೆ ಕರೆದು ನೋಡಿದೆ. ನಾಲ್ಕೈದು ಸಲ ಜೋಡಿಸುವಷ್ಟರಲ್ಲಿ ಇಡೀ ಕೋಷ್ಟಕವೇ ಹಸಿರಾಯಿತು. ಇದರ ಜೊತೆಗೆ, ಸರಾಸರಿ ದರದ ಕಾಲಂ ಮಾತ್ರ ಮೊದಲಿನಿಂದಲೂ ಯಾವ ಸಾಲಿನಲ್ಲಿಯೂ ಬಣ್ಣ ತೋರಿಸುತ್ತಿಲ್ಲ. ಇದಕ್ಕೆ ಜಾವಾಸ್ಕ್ರಿಪ್ಟೇ ಬೇಕೋ, ಬರಿಯ ಸಿಎಸ್‌ಎಸ್‌ನಲ್ಲಿ ಮುಗಿಯುತ್ತದೆಯೋ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಅಘನಾಶಿನಿ, ಕುಮಟಾ

ನಮಸ್ಕಾರ. ನಿಮ್ಮ ತಂದೆಯವರ ಬೆರಳು ಜಾರಿದ ಪ್ರಸಂಗವನ್ನು ಓದಿದಾಗ, ಈ ಕೆಲಸ ಬರಿಯ ಅಲಂಕಾರವಲ್ಲವೆಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಅನ್ನಿಸಿತು. ದರದ ಕೋಷ್ಟಕದಲ್ಲಿ ಸಾಲು ತಪ್ಪಿದರೆ ಮಾಲು ಇವತ್ತು ಕಳಿಸಬೇಕೋ, ಕೊಟ್ಟಿಗೆಯಲ್ಲಿಯೇ ಇಡಬೇಕೋ ಎಂಬ ನಿರ್ಧಾರವೇ ತಪ್ಪುತ್ತದೆ.

ನಿಮ್ಮ ಎಲ್ಲ ತೊಂದರೆಗಳ ಮೂಲ ಬಹುಮಟ್ಟಿಗೆ ಒಂದೇ ಆಗಿದೆ. ನೀವು ಬಣ್ಣವನ್ನು ಸಾಲಿಗೆ ಅಂಟಿಸಿದ್ದೀರಿ. ಆದರೆ ಪಟ್ಟೆಯ ಬಣ್ಣ ಸಾಲಿಗೆ ಸೇರಿದ್ದಲ್ಲ, ಆ ಸಾಲು ಕುಳಿತ ಸ್ಥಾನಕ್ಕೆ ಸೇರಿದ್ದು. ಬೆಟ್ಟೆಯ ಸಾಲು ನಾಲ್ಕನೆಯ ಸ್ಥಾನದಲ್ಲಿದ್ದಾಗ ಹಸಿರಾಗಿದ್ದರೆ, ಅದು ಏಳನೆಯ ಸ್ಥಾನಕ್ಕೆ ಹೋದ ಮೇಲೂ ಹಸಿರಾಗಿಯೇ ಇರಲು ಯಾವ ಕಾರಣವೂ ಇಲ್ಲ. ಕ್ಲಾಸ್ ಅಂಟಿಸಿದ ಮೇಲೆ ಅದು ಸಾಲಿನ ಜೊತೆಯಲ್ಲಿಯೇ ತಿರುಗುತ್ತದೆ. ಆದ್ದರಿಂದ ಜೋಡಣೆ ಬದಲಾದಾಗ ಪಟ್ಟೆ ಕೆಡುವುದು ಸಹಜ.

ಸ್ಥಾನವನ್ನು ನೋಡಿ ಬಣ್ಣ ಕೊಡುವ ಕೆಲಸವನ್ನು ಸಿಎಸ್‌ಎಸ್ ತಾನೇ ಮಾಡಬಲ್ಲದು. ಟಿಬಾಡಿಯೊಳಗಿನ (ಕೋಷ್ಟಕದ ಮುಖ್ಯ ಭಾಗದ) ಟಿಆರ್‌ಗೆ, ಅಂದರೆ ಸಾಲಿಗೆ, ಎನ್‌ತ್-ಚೈಲ್ಡ್ ಎಂಬ ಸೆಲೆಕ್ಟರ್ (ನಿಯಮ ಯಾವುದಕ್ಕೆ ಎಂದು ಆರಿಸುವ ಬರಹ) ಹಚ್ಚಿ, ಆವರಣದೊಳಗೆ ಈವನ್ (ಸಮ) ಎಂದು ಬರೆದು ಹಿನ್ನೆಲೆಯ ಬಣ್ಣ ಕೊಟ್ಟರೆ ಎರಡನೆಯದು, ನಾಲ್ಕನೆಯದು, ಆರನೆಯದು ಹೀಗೆ ಬಣ್ಣ ಪಡೆಯುತ್ತವೆ. ಸಾಲುಗಳನ್ನು ಎಷ್ಟು ಸಲ ಅತ್ತಿತ್ತ ಮಾಡಿದರೂ ಬ್ರೌಸರ್ ಹೊಸದಾಗಿ ಎಣಿಸಿಕೊಳ್ಳುತ್ತದೆ. ಆದ್ದರಿಂದ ಜೋಡಣೆಯ ತೊಂದರೆ ಒಂದೇ ಸಾಲಿನ ಸಿಎಸ್‌ಎಸ್‌ನಿಂದ ಮುಗಿಯುತ್ತದೆ. ಇದು ಹೊಸ ವಿಷಯವೇನೂ ಅಲ್ಲ. ಈ ಸೆಲೆಕ್ಟರ್ ಇರುವ, ಸೆಲೆಕ್ಟರ್‌ಗಳ ಮೂರನೆಯ ಹಂತದ ನಿರ್ದೇಶನವನ್ನು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2011ರಲ್ಲಿಯೇ ಅಂತಿಮ ಶಿಫಾರಸಾಗಿ ಹೊರತಂದಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಟನೆಯ ಆವೃತ್ತಿಗೆ ಇದು ತಿಳಿಯುತ್ತಿರಲಿಲ್ಲ. 2011ರಲ್ಲಿ ಬಂದ ಒಂಬತ್ತನೆಯ ಆವೃತ್ತಿಗೆ ತಿಳಿಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಲೂಪ್ ಬರೆದು ಪಟ್ಟೆ ಎಳೆಯುವ ಪಾಠಗಳು ಹಳೆಯ ಪುಟಗಳಲ್ಲಿ ಅಷ್ಟೊಂದು ಸಿಗುವುದಕ್ಕೆ ಆ ಕಾಲದ ಈ ಕೊರತೆಯೇ ಮುಖ್ಯ ಕಾರಣ.

ಆದರೆ ನಿಮ್ಮ ಮೊದಲನೆಯ ತೊಂದರೆ, ಅಂದರೆ ಮರೆಮಾಡಿದ ಸಾಲುಗಳದ್ದು, ಇಷ್ಟರಿಂದ ಮುಗಿಯುವುದಿಲ್ಲ. ಮರೆಯಾದ ಸಾಲು ಕಣ್ಣಿಗೆ ಕಾಣದಿದ್ದರೂ ಕೋಷ್ಟಕದೊಳಗೆ ಇದ್ದೇ ಇರುತ್ತದೆ. ಎನ್‌ತ್-ಚೈಲ್ಡ್ ಅದನ್ನೂ ಎಣಿಸುತ್ತದೆ. ನಮ್ಮ ಕಡೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಬಡಿಸುತ್ತಾ ಬರುವವನು, ಎದ್ದು ಹೋದವರ ಬಾಳೆಯನ್ನೂ ಲೆಕ್ಕಕ್ಕೆ ಹಿಡಿದರೆ, ಕುಳಿತವರಲ್ಲಿ ಇಬ್ಬರಿಗೆ ಸಾಲಾಗಿ ಸಿಕ್ಕಿ ಮತ್ತಿಬ್ಬರಿಗೆ ಸಾಲಾಗಿ ತಪ್ಪುತ್ತದೆ. ಕುಳಿತವರನ್ನು ಮಾತ್ರ ಎಣಿಸು ಎಂದು ಅವನಿಗೆ ಹೇಳಬೇಕು.

ಹಾಗೆ ಹೇಳುವ ಅನುಕೂಲ ಈಗ ಸಿಎಸ್‌ಎಸ್‌ನಲ್ಲಿಯೇ ಇದೆ. ಎನ್‌ತ್-ಚೈಲ್ಡ್‌ನ ಆವರಣದೊಳಗೆ ಈವನ್ ಎಂದು ಬರೆದ ಮೇಲೆ ಆಫ್ ಎಂಬ ಪದ ಸೇರಿಸಿ, ಅದರ ಮುಂದೆ ‘ಹಿಡನ್ ಆಟ್ರಿಬ್ಯೂಟ್ (ಮರೆಮಾಡುವ ಗುರುತು) ಇಲ್ಲದವು’ ಎಂಬುದನ್ನು ನಾಟ್ ಸೆಲೆಕ್ಟರ್‌ನಿಂದ ಹೇಳಬೇಕು. ಸಫಾರಿಯಲ್ಲಿ ಇದು 2015ರಿಂದಲೇ ಇತ್ತು. ಕ್ರೋಮ್‌ನ 111ನೆಯ ಮತ್ತು ಫೈರ್‌ಫಾಕ್ಸ್‌ನ 113ನೆಯ ಆವೃತ್ತಿಗಳಲ್ಲಿ 2023ರಲ್ಲಿ ಬಂತು. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿ ಒಂದು ಮಧ್ಯಾಹ್ನ ಕಳೆದಿದ್ದೇನೆ: ನಾಟ್ ಅನ್ನು ಆವರಣದ ಹೊರಗೆ, ಟಿಆರ್‌ನ ಬೆನ್ನಿಗೆ ಬರೆದರೆ ಪ್ರಯೋಜನವಾಗುವುದಿಲ್ಲ. ಹೊರಗೆ ಬರೆದಾಗ ಬ್ರೌಸರ್ ಮೊದಲಿನಂತೆ ಎಲ್ಲ ಸಾಲುಗಳನ್ನೂ ಎಣಿಸಿ, ಆ ಎಣಿಕೆಯಲ್ಲಿ ಸಮಸಂಖ್ಯೆ ಬಂದವುಗಳ ಪೈಕಿ ಮರೆಯಾಗದವನ್ನು ಆರಿಸುತ್ತದೆ. ಒಳಗೆ ಬರೆದಾಗ ಮಾತ್ರ ಮರೆಯಾಗದವನ್ನು ಮೊದಲು ಆರಿಸಿ ಆಮೇಲೆ ಎಣಿಸುತ್ತದೆ. ಹೀಗೆ ಮಾಡಬೇಕಾದರೆ ನೀವು ಸಾಲುಗಳನ್ನು ಮರೆಮಾಡಲು ಹಿಡನ್ ಆಟ್ರಿಬ್ಯೂಟ್ ಅನ್ನೇ ಬಳಸಿರಬೇಕು. ಸ್ಟೈಲ್‌ನಲ್ಲಿ ಡಿಸ್‌ಪ್ಲೇ ನನ್ ಎಂದು ಬರೆಯುತ್ತಿದ್ದರೆ ಅದನ್ನು ಬದಲಿಸಿ.

ಹಳೆಯ ಮೊಬೈಲ್ ಬಳಸುವವರು ನಿಮ್ಮ ಓದುಗರಲ್ಲಿ ಹೆಚ್ಚು ಇರಬಹುದು. ಮೊಬೈಲು ಒಡೆಯುವವರೆಗೂ ಬದಲಿಸದ ಹಿರಿಯರು ನಮ್ಮ ಮನೆಯಲ್ಲಿಯೂ ಇದ್ದಾರೆ. ಅವರ ಬ್ರೌಸರ್‌ಗೆ ಆಫ್ ತಿಳಿಯದಿದ್ದರೆ ಆ ನಿಯಮ ಪೂರ್ತಿಯಾಗಿ ಬಿದ್ದುಹೋಗಿ ಒಂದು ಪಟ್ಟೆಯೂ ಕಾಣುವುದಿಲ್ಲ. ಅಂಥವರನ್ನು ಗಮನದಲ್ಲಿಟ್ಟರೆ ಜಾವಾಸ್ಕ್ರಿಪ್ಟ್ ದಾರಿಯೇ ಹೆಚ್ಚು ಭದ್ರ ಎಂದು ನನ್ನ ಅಭಿಪ್ರಾಯ. ಅದನ್ನು ಹೀಗೆ ಬರೆಯಬಹುದು. ‘ಪಟ್ಟೆ ಎಳೆ’ ಎಂಬ ಅರ್ಥದ ಒಂದು ಫಂಕ್ಷನ್ ಮಾಡಿ, ಅದರೊಳಗೆ ಎಣಿಕೆ ಎಂಬ ಚರವನ್ನು ಸೊನ್ನೆಗೆ ಇಡಿ. ಟಿಬಾಡಿಯ ರೋಸ್ ಸಂಗ್ರಹದಲ್ಲಿರುವ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡಿ. ಸಾಲು ಮರೆಯಾಗಿದ್ದರೆ ಕಂಟಿನ್ಯೂ ಎಂದು ಮುಂದಿನದಕ್ಕೆ ಹೋಗಿ. ಮರೆಯಾಗಿರದಿದ್ದರೆ, ಎಣಿಕೆಯನ್ನು ಎರಡರಿಂದ ಭಾಗಿಸಿದ ಶೇಷ ಒಂದು ಇದೆಯೇ ಎಂಬುದರ ಉತ್ತರವನ್ನು ಕ್ಲಾಸ್‌ಲಿಸ್ಟ್‌ನ ಟಾಗಲ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಟ್ಟು, ಎಣಿಕೆಗೆ ಒಂದು ಸೇರಿಸಿ. ಅಷ್ಟೇ. ಎರಡನೆಯ ಆರ್ಗ್ಯುಮೆಂಟ್ ನಿಜವಾದರೆ ಟಾಗಲ್ ಕ್ಲಾಸ್ ಅನ್ನು ಸೇರಿಸುತ್ತದೆ, ಸುಳ್ಳಾದರೆ ತೆಗೆಯುತ್ತದೆ. ಆದ್ದರಿಂದ ಈ ಫಂಕ್ಷನ್ ಅನ್ನು ನೂರು ಸಲ ಕರೆದರೂ ಫಲ ಅದೇ ಇರುತ್ತದೆ.

ನಿಮ್ಮ ಕೋಷ್ಟಕ ಪೂರ್ತಿ ಹಸಿರಾದದ್ದು ಏಕೆಂಬುದೂ ಇಲ್ಲಿಯೇ ತಿಳಿಯುತ್ತದೆ. ನೀವು ಹೊಸ ಕ್ಲಾಸ್ ಸೇರಿಸಿದಿರಿ, ಹಳೆಯದನ್ನು ತೆಗೆಯಲಿಲ್ಲ. ನಾಲ್ಕೈದು ಸಲ ಜೋಡಿಸಿದ ಮೇಲೆ ಹೆಚ್ಚಿನ ಸಾಲುಗಳ ಮೇಲೆ ‘ಸಮ’ವೂ ಇದೆ, ‘ಬೆಸ’ವೂ ಇದೆ. ಎರಡೂ ನಿಯಮಗಳ ತೂಕ ಒಂದೇ ಆಗಿರುವುದರಿಂದ ಕಡತದಲ್ಲಿ ಕೆಳಗೆ ಬರೆದದ್ದು ಗೆಲ್ಲುತ್ತದೆ, ಮತ್ತು ನಿಮ್ಮ ಕಡತದಲ್ಲಿ ಕೆಳಗಿರುವುದು ಹಸಿರು. ಎರಡು ಕ್ಲಾಸ್‌ಗಳ ಅಗತ್ಯವೇ ಇಲ್ಲ. ಪಟ್ಟೆ ಇದ್ದರೆ ಒಂದು ಕ್ಲಾಸ್, ಇಲ್ಲದಿದ್ದರೆ ಏನೂ ಇಲ್ಲ. ಆ ಕ್ಲಾಸ್‌ಗೆ ಕನ್ನಡದಲ್ಲಿಯೇ ‘ಪಟ್ಟೆ’ ಎಂದು ಹೆಸರಿಡಬಹುದು. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿದ್ದರೆ ಸಿಎಸ್‌ಎಸ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ, ಮತ್ತು ಆರು ತಿಂಗಳ ನಂತರ ಕಡತ ತೆರೆದಾಗ ಅರ್ಥವೂ ಥಟ್ಟನೆ ಹೊಳೆಯುತ್ತದೆ.

ಇನ್ನೊಂದು ಎಚ್ಚರಿಕೆ. ಸಾಲುಗಳನ್ನು ಕ್ವೆರಿಸೆಲೆಕ್ಟರ್‌ಆಲ್‌ನಿಂದ ಒಮ್ಮೆ ಪಡೆದು ಚರದಲ್ಲಿ ಇಟ್ಟುಕೊಂಡರೆ ಅದು ಆ ಕ್ಷಣದ ಚಿತ್ರ ಮಾತ್ರ. ಜೋಡಣೆ ಬದಲಾದರೂ ಆ ಪಟ್ಟಿಯ ಕ್ರಮ ಹಳೆಯದೇ ಇರುತ್ತದೆ. ರೋಸ್ ಸಂಗ್ರಹ ಜೀವಂತವಾದದ್ದು, ಕೋಷ್ಟಕ ಬದಲಾದಂತೆ ಅದೂ ಬದಲಾಗುತ್ತದೆ. ಫಂಕ್ಷನ್ ಅನ್ನು ಪುಟ ತೆರೆದಾಗ ಒಮ್ಮೆ, ಮಾರುಕಟ್ಟೆ ಆರಿಸಿದ ಮೇಲೆ ಒಮ್ಮೆ, ಜೋಡಿಸಿದ ಮೇಲೆ ಒಮ್ಮೆ ಕರೆಯಿರಿ. ಬದಲಾವಣೆಯನ್ನು ಕಾದು ನೋಡುವ ಮ್ಯುಟೇಶನ್ ಅಬ್ಸರ್ವರ್ ಎಂಬುದೊಂದಿದೆ. ಕೋಷ್ಟಕವನ್ನು ಬೇರೆಯವರ ಸ್ಕ್ರಿಪ್ಟ್ ಬದಲಿಸುತ್ತಿದ್ದರೆ ಅದು ಬೇಕಾಗುತ್ತದೆ. ನಿಮ್ಮಲ್ಲಿ ಬದಲಿಸುವವರು ನೀವೊಬ್ಬರೇ ಇರುವಾಗ ಬೇಕಿಲ್ಲ.

ಸರಾಸರಿ ದರದ ಕಾಲಂ ಬಿಳಿಯಾಗಿ ಉಳಿಯುವುದಕ್ಕೆ ಬೇರೆ ಕಾರಣವಿದೆ. ಕೋಷ್ಟಕದ ಹಿನ್ನೆಲೆಯನ್ನು ಬ್ರೌಸರ್ ಆರು ಪದರಗಳಲ್ಲಿ ಬಳಿಯುತ್ತದೆ: ಎಲ್ಲಕ್ಕಿಂತ ಅಡಿಯಲ್ಲಿ ಕೋಷ್ಟಕ, ಅದರ ಮೇಲೆ ಕಾಲಂಗಳ ಗುಂಪು, ಕಾಲಂ, ಸಾಲುಗಳ ಗುಂಪು, ಸಾಲು, ಎಲ್ಲಕ್ಕಿಂತ ಮೇಲೆ ಸೆಲ್. ನೀವು ಎಂದೋ ಆ ಕಾಲಂನ ಟಿಡಿಗಳಿಗೆ, ಅಂದರೆ ಸೆಲ್‌ಗಳಿಗೆ, ಬಿಳಿ ಹಿನ್ನೆಲೆ ಕೊಟ್ಟಿರಬೇಕು. ಸಾಲು ಹಸಿರಾಗಿದೆ, ಆದರೆ ಮೇಲಿನ ಬಿಳಿ ಅದನ್ನು ಮುಚ್ಚಿದೆ. ಆ ಬಿಳಿಯನ್ನು ತೆಗೆಯಿರಿ.

ಉತ್ತರ: ಶರಾವತಿದಡ, ಹೊನ್ನಾವರ

ಅಘನಾಶಿನಿಯವರು ಎಣಿಕೆಯ ಭಾಗವನ್ನು ಪೂರ್ತಿ ಹೇಳಿದ್ದಾರೆ. ನಾನು ಬಣ್ಣದ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ದರದ ಪುಟಗಳಲ್ಲಿ ಏರಿದ ದರವನ್ನು ಹಸಿರು ಅಕ್ಷರದಲ್ಲಿಯೂ ಇಳಿದದ್ದನ್ನು ಕೆಂಪು ಅಕ್ಷರದಲ್ಲಿಯೂ ತೋರಿಸುವ ರೂಢಿಯಿದೆ. ನೀವೂ ಮುಂದೆ ಹಾಗೆ ಮಾಡುವಿರಾದರೆ ಪಟ್ಟೆಗೆ ಹಸಿರು ಬೇಡ. ತೆಳು ಹಸಿರಿನ ಮೇಲೆ ಹಸಿರು ಅಂಕಿ ಮಂಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿರು ಪಟ್ಟೆಯಲ್ಲಿರುವ ಬಗೆಗಳೆಲ್ಲ ಏರಿವೆ ಎಂದು ನೋಡಿದವರು ತಿಳಿದುಕೊಳ್ಳುವ ಸಂಭವವಿದೆ. ಪಟ್ಟೆಗೆ ಯಾವ ಅರ್ಥವೂ ಇರಬಾರದು. ಕೆಂಪು, ಹಸಿರು, ನೀಲಿ ಮೂರಕ್ಕೂ 242 ಕೊಟ್ಟರೆ ಬರುವ ತೆಳು ಬೂದು ಬಣ್ಣ ನನಗೆ ಎಲ್ಲ ಕಡೆಗೂ ಒಗ್ಗಿದೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ ಕಡಿಮೆಯೆಂದರೆ 4.5ಕ್ಕೆ 1 ಇರಬೇಕೆಂದು ವೆಬ್ ಸುಗಮತೆಯ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕವನ್ನು ಬಿಳಿ ಸಾಲಿನಲ್ಲಿ ಮಾತ್ರವಲ್ಲ, ಪಟ್ಟೆಯ ಸಾಲಿನಲ್ಲಿಯೂ ನೋಡಬೇಕು. ಅಂಗಳದ ಬಿಸಿಲಿನಲ್ಲಿ, ಚಾಲಿ ಒಣಗಿಸುತ್ತಾ ಮೊಬೈಲ್ ನೋಡುವವರಿಗೆ ಈ ವ್ಯತ್ಯಾಸವೇ ಆಧಾರ.

ಎರಡನೆಯದು ಮುದ್ರಣ. ದರದ ಪಟ್ಟಿಯನ್ನು ಯಾರಾದರೂ ಮುದ್ರಿಸಿ ಸಂಘದ ಗೋಡೆಗೆ ಅಂಟಿಸುವುದು ಖಂಡಿತ. ಬ್ರೌಸರ್‌ಗಳು ಶಾಯಿ ಉಳಿಸಲೆಂದು ಹಿನ್ನೆಲೆಯ ಬಣ್ಣಗಳನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಪ್ರಿಂಟ್-ಕಲರ್-ಅಡ್ಜಸ್ಟ್‌ಗೆ ಎಗ್ಸಾಕ್ಟ್ ಎಂದು ಕೊಟ್ಟು ಬಣ್ಣ ಬರುವಂತೆ ಕೇಳಿಕೊಳ್ಳಬಹುದು. ಕ್ರೋಮ್‌ನ ಹಳೆಯ ಆವೃತ್ತಿಗಳಿಗಾಗಿ ಅದರ ಹಿಂದೆ ವೆಬ್‌ಕಿಟ್ ಎಂಬ ಪೂರ್ವಪದವಿರುವ ರೂಪವನ್ನೂ ಬರೆಯಬೇಕಾಗುತ್ತದೆ. ಆದರೆ ನಾನು ಆ ದಾರಿ ಹಿಡಿಯುವುದಿಲ್ಲ. ಮುದ್ರಣದ ಸಿಎಸ್‌ಎಸ್‌ನಲ್ಲಿ ಪ್ರತಿ ಸಾಲಿನ ಕೆಳಗೆ ತೆಳುವಾದ ಕಪ್ಪು ಗೆರೆ ಎಳೆಯುತ್ತೇನೆ. ತೆಳು ಬೂದು ಪಟ್ಟೆ ಝೆರಾಕ್ಸ್ ಪ್ರತಿಯಲ್ಲಿ ಚುಕ್ಕಿಚುಕ್ಕಿಯಾಗಿ ಅಂಕಿಗಳ ಮೇಲೆಯೇ ಕೂರುತ್ತದೆ, ಗೆರೆಗೆ ಆ ತೊಂದರೆಯಿಲ್ಲ. ವಿಂಡೋಸ್‌ನ ಹೆಚ್ಚು ವ್ಯತ್ಯಾಸದ ಬಣ್ಣಜೋಡಣೆ ಬಳಸುವವರಿಗೂ ಹಿನ್ನೆಲೆ ಬಣ್ಣ ಕಾಣಿಸುವುದಿಲ್ಲ, ಗೆರೆ ಕಾಣಿಸುತ್ತದೆ. ಆದ್ದರಿಂದ ಪರದೆಯ ಮೇಲೆಯೂ ಒಂದು ತೆಳು ಗೆರೆ ಇಟ್ಟರೆ ನಷ್ಟವಿಲ್ಲ.

ಮತ್ತೆ ಪ್ರಶ್ನೆ: ಶಿರಸಿಸೀಮೆ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಸರಾಸರಿ ಕಾಲಂನ ಟಿಡಿಗಳಲ್ಲಿ ಬಿಳಿ ಹಿನ್ನೆಲೆ ಇದ್ದದ್ದು ನಿಜ. ಮೊದಲ ವಾರ ನಾನೇ ಬರೆದು ಮರೆತಿದ್ದೆ. ಟಾಗಲ್‌ನಿಂದ ಬರೆದ ಫಂಕ್ಷನ್ ಮಾರುಕಟ್ಟೆ ಆರಿಸಿದಾಗಲೂ ಜೋಡಿಸಿದಾಗಲೂ ಸರಿಯಾಗಿ ನಡೆಯುತ್ತಿದೆ. ಪಟ್ಟೆಯನ್ನು ಬೂದು ಬಣ್ಣಕ್ಕೆ ಬದಲಿಸಿದೆ.

ಈಗ ಎರಡು ಹೊಸ ಸಂಶಯಗಳಿವೆ. ನಿನ್ನೆಯಿಂದ ದರಗಳನ್ನು ಕೋಷ್ಟಕದಲ್ಲಿ ಬರೆದಿಡದೆ, ಜೇಸನ್ ಎಂಬ ದತ್ತಾಂಶ ಕಡತದಿಂದ ಫೆಚ್ ಮಾಡಿ (ತರಿಸಿಕೊಂಡು) ಟೇಬಲ್‌ನ ಇನ್ಸರ್ಟ್‌ರೋ ಮೂಲಕ ಸಾಲುಗಳನ್ನು ಸೇರಿಸುತ್ತಿದ್ದೇನೆ. ಪುಟದಲ್ಲಿ ಟಿಹೆಡ್ (ತಲೆಬರಹದ ಭಾಗ) ಮತ್ತು ಖಾಲಿ ಟಿಬಾಡಿ ಮೊದಲೇ ಇವೆ. ಸಾಲುಗಳು ಕಾಣಿಸುತ್ತವೆ, ಆದರೆ ಒಂದು ಪಟ್ಟೆಯೂ ಬರುವುದಿಲ್ಲ, ಮತ್ತು ಎಲ್ಲ ಸಾಲುಗಳೂ ತಲೆಬರಹದ ಹಾಗೆ ದಪ್ಪ ಅಕ್ಷರದಲ್ಲಿ ಕಾಣುತ್ತವೆ.

ಎರಡನೆಯದು ಅಪ್ಪಯ್ಯನವರ ಸಲಹೆ. ಪ್ರತಿ ಸಾಲಿನಲ್ಲಿಯೂ ‘ಶಿರಸಿ, ಶಿರಸಿ, ಶಿರಸಿ’ ಎಂದು ಓದುವುದು ಕಿರಿಕಿರಿಯಾಗುತ್ತದೆ, ಮಾರುಕಟ್ಟೆಯ ಹೆಸರು ಒಂದೇ ಸಲ ಇರಲಿ ಎಂದರು. ಒಂದು ಚೌಕವನ್ನು ಹಲವು ಸಾಲುಗಳಿಗೆ ಚಾಚುವ ರೋಸ್ಪ್ಯಾನ್ ಹಾಕಿ ನೋಡಿದೆ. ಮಾರುಕಟ್ಟೆಯ ಹೆಸರಿನ ಚೌಕ ಮೊದಲ ಸಾಲಿನ ಬಣ್ಣವನ್ನೇ ಆರು ಸಾಲಿನ ಉದ್ದಕ್ಕೂ ಎಳೆದುಕೊಂಡು ಬರುತ್ತದೆ. ಬೆಟ್ಟೆಯನ್ನು ಮಾತ್ರ ತೋರಿಸು ಎಂದು ಆರಿಸಿದರೆ ಮಾರುಕಟ್ಟೆಯ ಹೆಸರೇ ಕಾಣೆಯಾಗುತ್ತದೆ. ಇದಕ್ಕೆ ಸರಿಯಾದ ಕ್ರಮ ಯಾವುದು?

ಉತ್ತರ: ಬೈತಖೋಲ, ಕಾರವಾರ

ನಿಮ್ಮ ಮೊದಲನೆಯ ಸಂಶಯಕ್ಕೆ ಉತ್ತರ ಚಿಕ್ಕದು. ಟೇಬಲ್‌ನ ಮೇಲೆ ಇನ್ಸರ್ಟ್‌ರೋ ಕರೆದಾಗ ಹೊಸ ಸಾಲು ಟಿಬಾಡಿಗೇ ಹೋಗುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಅದು ಕೋಷ್ಟಕದಲ್ಲಿ ಈಗಿರುವ ಕೊನೆಯ ಸಾಲು ಯಾವುದರೊಳಗಿದೆಯೋ ಅದರೊಳಗೆ ಸೇರುತ್ತದೆ. ನಿಮ್ಮಲ್ಲಿ ಟಿಬಾಡಿ ಖಾಲಿ, ಇರುವ ಏಕೈಕ ಸಾಲು ಟಿಹೆಡ್‌ನಲ್ಲಿ. ಆದ್ದರಿಂದ ಮೊದಲ ದರದ ಸಾಲು ಟಿಹೆಡ್‌ಗೆ ಹೋಯಿತು, ಉಳಿದವು ಅದರ ಬೆನ್ನು ಹಿಡಿದವು. ಇನ್ಸರ್ಟ್‌ರೋವನ್ನು ಟೇಬಲ್‌ನ ಬದಲು ಟಿಬಾಡಿಯ ಮೇಲೆಯೇ ಕರೆಯಿರಿ. ಮುಂದೆ ಕೆಳಗೆ ಟಿಫೂಟ್ (ಅಡಿಬರಹದ ಭಾಗ) ಸೇರಿಸುವ ಯೋಚನೆಯಿದ್ದರೂ ಈ ಮಾತು ನೆನಪಿರಲಿ. ಆಗ ಸಾಲುಗಳು ಟಿಫೂಟ್‌ಗೆ ಹೋಗಿ ಬೀಳುತ್ತವೆ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದೇ ತೊಡಕನ್ನು ನಾನು ಕಾರವಾರದ ಭರತ ಇಳಿತಗಳ ಕೋಷ್ಟಕ ಮಾಡುವಾಗ ಎದುರಿಸಿದ್ದೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಒಂದೊಂದು ದಿನಕ್ಕೆ ನಾಲ್ಕು ಸಾಲುಗಳು. ದೋಣಿ ತೆಗೆಯುವವರಿಗೆ ಬೇಕಾದದ್ದು ಒಂದು ದಿನದ ನಾಲ್ಕೂ ಹೊತ್ತುಗಳು ಒಂದೇ ಗುಂಪಾಗಿ ಕಾಣುವುದು. ನಾಲ್ಕು ಸಾಲು ಬಿಳಿ, ನಾಲ್ಕು ಸಾಲು ಬೂದು ಬರುವಂತೆ ಎನ್‌ತ್-ಚೈಲ್ಡ್‌ನಲ್ಲಿ ಎಂಟರ ಲೆಕ್ಕ ಹಾಕಿ ಬರೆದೆ. ಮೊದಲ ಕೆಲವು ದಿನ ಸರಿಯಾಗಿಯೇ ಇತ್ತು. ಆಮೇಲೆ ಪಟ್ಟೆ ಒಂದು ಸಾಲಿನಷ್ಟು ಜಾರಿ, ಒಂದು ದಿನದ ಬೆಳಗಿನ ಭರತ ಹಿಂದಿನ ದಿನದ ಬಣ್ಣದೊಳಗೆ ಸೇರಿಕೊಂಡಿತು. ಚಂದ್ರನ ಲೆಕ್ಕದ ದಿನ ಸುಮಾರು 24 ಗಂಟೆ 50 ನಿಮಿಷ ಇರುವುದರಿಂದ ಭರತದ ಹೊತ್ತು ದಿನದಿಂದ ದಿನಕ್ಕೆ ಹತ್ತಿರಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ, ಹಾಗೆ ಹೋಗುತ್ತಾ ಒಂದು ಭರತವೋ ಇಳಿತವೋ ಮಧ್ಯರಾತ್ರಿ ದಾಟಿದ ದಿನ ಮೂರೇ ಸಾಲುಗಳು ಉಳಿಯುತ್ತವೆ. ಸಮುದ್ರಕ್ಕೆ ನನ್ನ ನಾಲ್ಕರ ಲೆಕ್ಕ ಗೊತ್ತಿರಲಿಲ್ಲ. ನಿಮ್ಮ ಮಾರುಕಟ್ಟೆಗಳಲ್ಲಿಯೂ ಹೀಗೆಯೇ: ಎಲ್ಲ ದಿನವೂ ಎಲ್ಲ ಬಗೆಯ ಮಾಲಿಗೆ ವ್ಯಾಪಾರ ಆಗುವುದಿಲ್ಲ, ಕುಮಟಾದಲ್ಲಿ ಬರುವ ಚಿಪ್ಪು, ಫ್ಯಾಕ್ಟರಿ ಮುಂತಾದ ಬಗೆಗಳು ಬೇರೆಡೆಯ ಪಟ್ಟಿಯಲ್ಲಿ ಇರಲಿಕ್ಕಿಲ್ಲ.

ಇದಕ್ಕೆ ಮಾರ್ಗವೆಂದರೆ ಗುಂಪನ್ನು ಎಚ್‌ಟಿಎಂಎಲ್‌ನಲ್ಲಿಯೇ ಗುಂಪಾಗಿ ಬರೆಯುವುದು. ಒಂದು ಕೋಷ್ಟಕದಲ್ಲಿ ಒಂದೇ ಟಿಬಾಡಿ ಇರಬೇಕೆಂಬ ನಿಯಮವಿಲ್ಲ, ಎಷ್ಟು ಬೇಕಾದರೂ ಇರಬಹುದು. ಮಾರುಕಟ್ಟೆಗೊಂದು ಟಿಬಾಡಿ ಮಾಡಿ. ಅದರೊಳಗಿನ ಮೊದಲ ಸಾಲಿನಲ್ಲಿ ಮಾರುಕಟ್ಟೆಯ ಹೆಸರನ್ನು ಮಾತ್ರ, ಕೋಲ್ಸ್ಪ್ಯಾನ್‌ನಿಂದ ಇಡೀ ಅಗಲಕ್ಕೆ ಹರಡಿದ ಒಂದು ಟಿಎಚ್‌ನಲ್ಲಿ (ತಲೆಬರಹದ ಚೌಕದಲ್ಲಿ) ಬರೆದು, ಅದರ ಸ್ಕೋಪ್ ರೋಗ್ರೂಪ್ ಎಂದು ಕೊಡಿ. ಪರದೆ ಓದುವ ತಂತ್ರಾಂಶಗಳಿಗೆ ಇದರಿಂದ ಗುಂಪಿನ ಹೆಸರು ತಿಳಿಯುತ್ತದೆ. ರೋಸ್ಪ್ಯಾನ್ ಬಿಟ್ಟುಬಿಡಿ. ಆ ಚೌಕ ಮೊದಲ ಸಾಲಿನ ಸ್ವತ್ತು, ಮೊದಲ ಸಾಲು ಮರೆಯಾದರೆ ಅದೂ ಮರೆಯಾಗುತ್ತದೆ. ನಿಮ್ಮ ಪುಟದಲ್ಲಿ ಹೆಸರು ಕಾಣೆಯಾದದ್ದು ಹೀಗೆ.

ನನ್ನ ಕೋಷ್ಟಕದಲ್ಲಿ ಇಡೀ ದಿನಕ್ಕೆ ಒಂದು ಬಣ್ಣ ಬೇಕಿತ್ತು, ಆದ್ದರಿಂದ ಪಟ್ಟೆಯನ್ನು ಟಿಬಾಡಿಗೇ ಕೊಟ್ಟೆ. ಹಾಗೆ ಕೊಡುವಾಗ ಎನ್‌ತ್-ಚೈಲ್ಡ್ ಬದಲು, ಒಂದೇ ಬಗೆಯವನ್ನು ಮಾತ್ರ ಎಣಿಸುವ ಎನ್‌ತ್-ಆಫ್-ಟೈಪ್ ಬಳಸಬೇಕು. ಟಿಹೆಡ್ ಕೂಡ ಟೇಬಲ್‌ನ ಮಗುವೇ ಆದ್ದರಿಂದ ಎನ್‌ತ್-ಚೈಲ್ಡ್‌ನ ಎಣಿಕೆಯಲ್ಲಿ ಮೊದಲ ಟಿಬಾಡಿ ಎರಡನೆಯದಾಗುತ್ತದೆ. ಮೇಲೆ ಕ್ಯಾಪ್ಶನ್ ಕೂಡ ಇದ್ದರೆ ಮೂರನೆಯದಾಗಿ, ಆಕಸ್ಮಿಕವಾಗಿ ಸರಿಯಾದಂತೆ ಕಾಣುತ್ತದೆ. ಮುಂದೆ ಯಾರೋ ಕ್ಯಾಪ್ಶನ್ ತೆಗೆದ ದಿನ ಬಣ್ಣಗಳೆಲ್ಲ ತಲೆಕೆಳಗಾಗಿ, ಕಾರಣ ಹುಡುಕುವುದು ಕಷ್ಟವಾಗುತ್ತದೆ.

ನಿಮಗೆ ಬೇಕಾದದ್ದು ಇದಲ್ಲ. ಒಂದು ಮಾರುಕಟ್ಟೆಯೊಳಗೆ ಚಾಲಿಗೂ ಬಿಳಿಗೋಟಿಗೂ ವ್ಯತ್ಯಾಸ ಕಾಣಬೇಕು. ಹಾಗಾಗಿ ಅಘನಾಶಿನಿಯವರ ಫಂಕ್ಷನ್ ಅನ್ನೇ ಇಟ್ಟುಕೊಂಡು, ಹೊರಗೊಂದು ಲೂಪ್ ಸೇರಿಸಿ ಟೇಬಲ್‌ನ ಟಿಬಾಡೀಸ್ ಅನ್ನು ಒಂದೊಂದಾಗಿ ನೋಡಿ. ಪ್ರತಿ ಟಿಬಾಡಿಯ ಆರಂಭದಲ್ಲಿ ಎಣಿಕೆಯನ್ನು ಮತ್ತೆ ಸೊನ್ನೆಗೆ ತನ್ನಿ, ಹೆಸರಿನ ಸಾಲನ್ನು ಎಣಿಸಬೇಡಿ. ಆಗ ಎಲ್ಲ ಮಾರುಕಟ್ಟೆಗಳಲ್ಲಿಯೂ ಹೆಸರಿನ ಕೆಳಗಿನ ಮೊದಲ ಸಾಲು ಬಿಳಿ, ಎರಡನೆಯದು ಬೂದು ಎಂದು ಒಂದೇ ರೀತಿ ಶುರುವಾಗುತ್ತದೆ. ಆರಿಸಿದ ಬಗೆ ಒಂದು ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲವಾದರೆ ಆ ಟಿಬಾಡಿಗೇ ಹಿಡನ್ ಹಾಕಿ, ಬರಿಯ ಹೆಸರು ಉಳಿಯುವುದು ಬೇಡ.

ಜೋಡಣೆಯ ವಿಷಯದಲ್ಲಿ ನೀವೊಂದು ನಿರ್ಧಾರ ಮಾಡಬೇಕು. ದರದ ಏರಿಕೆ ಕ್ರಮಕ್ಕೆ ಜೋಡಿಸಿದಾಗ ಸಾಲುಗಳು ತಮ್ಮ ಟಿಬಾಡಿಯೊಳಗೆ ಮಾತ್ರ ಸ್ಥಾನ ಬದಲಿಸಬೇಕೋ, ನಾಲ್ಕೂ ಮಾರುಕಟ್ಟೆ ಕಲೆತು ಒಂದೇ ಪಟ್ಟಿಯಾಗಬೇಕೋ? ಕಲೆಯಬೇಕಾದರೆ ಗುಂಪುಗಳಿಗೆ ಅರ್ಥವಿಲ್ಲ, ಪ್ರತಿ ಸಾಲಿನಲ್ಲಿ ಮಾರುಕಟ್ಟೆಯ ಹೆಸರು ಮತ್ತೆ ಬರಲೇಬೇಕು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಸಾಧಿಸಲು ಹೋಗದೆ, ಜೇಸನ್ ದತ್ತಾಂಶವನ್ನು ಕೈಯಲ್ಲಿಟ್ಟುಕೊಂಡು ಆಯ್ಕೆಗೆ ತಕ್ಕಂತೆ ಕೋಷ್ಟಕವನ್ನು ಹೊಸದಾಗಿ ಕಟ್ಟುವುದು ಒಳ್ಳೆಯದು. ಮೂವತ್ತು ಸಾಲುಗಳನ್ನು ಹೊಸದಾಗಿ ಕಟ್ಟಲು ಬ್ರೌಸರ್‌ಗೆ ಏನೂ ಶ್ರಮವಿಲ್ಲ.

ಮರುಪ್ರತಿಕ್ರಿಯೆ: ಶಿರಸಿಸೀಮೆ

ಬೈತಖೋಲದವರು ಹೇಳಿದಂತೆ ಮಾರುಕಟ್ಟೆಗೊಂದು ಟಿಬಾಡಿ ಮಾಡಿದೆ. ಇನ್ಸರ್ಟ್‌ರೋವನ್ನು ಟಿಬಾಡಿಯ ಮೇಲೆ ಕರೆದ ಕೂಡಲೇ ದಪ್ಪ ಅಕ್ಷರವೂ ಹೋಯಿತು, ಪಟ್ಟೆಯೂ ಬಂತು. ಜೋಡಣೆಯನ್ನು ಆಯಾ ಮಾರುಕಟ್ಟೆಯೊಳಗೆ ಮಾತ್ರ ಇಟ್ಟುಕೊಂಡಿದ್ದೇನೆ. ನಾಲ್ಕೂ ಕಡೆಯ ಚಾಲಿಯನ್ನು ಹೋಲಿಸಬೇಕೆನ್ನುವವರಿಗೆ ಬಗೆಯ ಆಯ್ಕೆ ಇದ್ದೇ ಇದೆ. ಆಗ ಪ್ರತಿ ಮಾರುಕಟ್ಟೆಯ ಹೆಸರಿನ ಕೆಳಗೆ ಒಂದೊಂದೇ ಸಾಲು ಉಳಿಯುತ್ತದೆ.

ಹೊನ್ನಾವರದವರ ಗೆರೆಯ ಸಲಹೆಯನ್ನು ಮುದ್ರಣಕ್ಕೂ ಪರದೆಗೂ ಹಾಕಿದೆ. ನಿನ್ನೆ ಸಂಜೆ ಅಪ್ಪಯ್ಯನವರ ಕೈಗೆ ಮೊಬೈಲ್ ಕೊಟ್ಟು ಸಿದ್ದಾಪುರದ ಚಾಲಿ ಓದಿ ಎಂದೆ. ಅವರು ಬೆರಳಿಡದೆಯೇ ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ ಒಂದೇ ಉಸಿರಿಗೆ ಸರಿಯಾಗಿ ಓದಿದರು. ಅಕ್ಷರ ಇನ್ನೊಂದಿಷ್ಟು ದೊಡ್ಡದಿರಲಿ ಎಂದಿದ್ದಾರೆ, ಅದನ್ನು ಇವತ್ತು ಮಾಡುತ್ತೇನೆ.